ಕೈಪಟ್ಟಿಯ ಚಾಡಿ

ಕರಕ್
ಏಪ್ರಿಲ್ 14

ನನ್ನ ಕಣ್ಣಬೆಳಕೇ, ರುಬಾ,

ನಿನ್ನ ತಲೆಶೂಲೆ ಇಳಿಯಿತೆ? ಮಗು ಹಾಲು ಕುಡಿಯುತ್ತಿದೆಯೆ? ಫೋನಿನಲ್ಲಿ ನೀನು ಅಜ್ಜಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ನಿನ್ನ ಅಮ್ಮಾನ್ ಪಟ್ಟಣಕ್ಕೆ ಬರುವ ಬಸ್ಸಿನ ಡ್ರೈವರನ ಕೈಯಲ್ಲಿ ಈ ಕಾಗದ. ಇದಕ್ಕೆ ಅಡ್ಡಬಾಯಿ ಹಾಕು ನೋಡೋಣ.

"ಅಜ್ಜೀ, ಆಸ್ಪತ್ರೆಯವರು ಕೊಟ್ಟ ಕೈಪಟ್ಟಿ ನನ್ನ ಫೋನಿಗೆ ಎಲ್ಲಾ ಹೇಳ್ತಿದೆ. ಮೈಯಲ್ಲಿ ನೀರು ತುಂಬ್ತಿದೆ. ಕದ್ದು ಆ ಉಪ್ಪುಪ್ಪು ಜಮೀದ್ ನೆಕ್ತಿದೀಯ. ಭಾನುವಾರ ಆಸ್ಪತ್ರೆಗೆ ಬಾ, ಹಾಸಿಗೆ ಹೇಳಿಟ್ಟಿದೀನಿ" ಅಂದೆಯಲ್ಲ, ಕೇಳು. ಈ ಸಲ ಮೂವತ್ತು ಉಂಡೆ ಜಮೀದ್ ಕಟ್ಟಿದ್ದೇನೆ. ಮೊಸರಿಗೆ ಉಪ್ಪು ಹಾಕಿದ್ದು ನನ್ನ ಕೈ, ರುಚಿ ನೋಡಿದ್ದು ನಿನ್ನ ಚಿಕ್ಕಮ್ಮನ ನಾಲಿಗೆ. ಉಂಡೆ ಒಣಗಿಸಲು ದಿನಕ್ಕೆರಡು ಸಲ ಮಾಳಿಗೆ ಹತ್ತುತ್ತೇನೆ, ಏದುಸಿರಿಲ್ಲ. ತಲೆಯ ಮೇಲೆ ನೀರು ಹೊತ್ತು ಆರು ಮಕ್ಕಳನ್ನು ಬೆಳೆಸಿದವಳು ಒಂದು ಪಟ್ಟಿಯ ಚಾಡಿಗೆ ಹೆದರಿ ಗಂಟುಮೂಟೆ ಕಟ್ಟುವುದಿಲ್ಲ.

ಆ ಚಾಡಿಯ ಮೂಲ ಇವತ್ತು ಸಿಕ್ಕಿತು. ಪಕ್ಕದ ಮನೆಯ ತುರ್ಕಿಯ್ಯಾಳ ಹೃದಯವೂ ನನ್ನದರಂತೆ ಸೋತದ್ದು. ಆಸ್ಪತ್ರೆಯವರು ಅವಳಿಗೂ ಇಂಥದೇ ಕಪ್ಪು ಪಟ್ಟಿ ಕೊಟ್ಟಿದ್ದಾರೆ. ಹೋದ ಬುಧವಾರ ಸಾವಿನ ಮನೆಯಲ್ಲಿ, ನಮಾಜಿಗೆ ಕೈ ತೊಳೆಯುವಾಗ, ಇಬ್ಬರೂ ಪಟ್ಟಿ ಬಿಚ್ಚಿ ಕಿಟಕಿಯ ಮೇಲಿಟ್ಟೆವು. ಅಲ್ಲೇ ಅದಲುಬದಲಾಗಿದೆ. ಬೆಳಿಗ್ಗೆ ಅವಳು ಗೋಡೆಯಾಚೆಯಿಂದ ರೊಟ್ಟಿ ಚಾಚಿದಾಗ ಆ ಕೈಯಲ್ಲಿ ನನ್ನ ಪಟ್ಟಿಗೆ ಗುರುತಿಗೆಂದು ನಾನು ಹೊಲಿದ ಹಸಿರು ದಾರ ಕಂಡೆ. "ನೋಡೇ ಮುದುಕಿ, ಮಗನ ಫೋನಲ್ಲಿ ನಾನು ಕುದುರೆ ಥರ ಇದೀನಂತೆ" ಎಂದು ವಾರದಿಂದ ಜಂಬ ಕೊಚ್ಚುತ್ತಿದ್ದಳು. ಆ ಕುದುರೆ ನಾನು ಕಣೇ! ಭಾನುವಾರ ನಾನು ಬರುವುದಿಲ್ಲ. ಬರುವುದಿಲ್ಲ ಎಂದರೆ ಬರುವುದಿಲ್ಲ.

ಮಗುವಿನ ಎರಡೂ ಕೆನ್ನೆಗೆ ಮುತ್ತು. ಅಲ್ಲಾಹ್ ನಿನ್ನ ಮನೆಯನ್ನು ತಣ್ಣಗಿಡಲಿ.

ಯಾರಿಗೂ ಬಗ್ಗದ ನಿನ್ನ ಅಜ್ಜಿ,
ಹಸ್ನಾ

ತಾ.ಕ.: ಬಸ್ಸು ಹಾರ್ನ್ ಹೊಡೆಯುತ್ತಿದೆ. ಆ ಹಾಸಿಗೆ ಬಿಟ್ಟುಕೊಡಬೇಡ. ಪಟ್ಟಿ ಬದಲಿಸಿಕೊಳ್ಳಲು ಹೋಗಿದ್ದೆ. ತುರ್ಕಿಯ್ಯಾ ಮೂರು ದಿಂಬಿಗೊರಗಿ ಕೂತೇ ಉಸಿರೆಳೆಯುತ್ತಿದ್ದಾಳೆ. ಕಾಲು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ಕುದುರೆಯಾದೆನೆಂದು ಮಾತ್ರೆ ಬಿಟ್ಟಿದ್ದಾಳೆ! ಆಸ್ಪತ್ರೆ ಅಂದರೆ "ನನ್ನ ಹೆಣ ಹೋಗತ್ತೆ ಅಲ್ಲಿಗೆ" ಅನ್ನುತ್ತಾಳೆ. ಪಟ್ಟಿಯ ಸುದ್ದಿ ಎತ್ತಲಿಲ್ಲ. "ನಂಗೆ ಹುಷಾರಿಲ್ಲ, ಜೊತೆಗೆ ಬಾರೇ" ಅಂದೆ. "ಬರ್ತೀನಿ ಬಿಡು, ದಾರೀಲಿ ನೀನು ಸತ್ರೆ ಕಣ್ಣು ಮುಚ್ಚೋಕೆ ಯಾರಾದ್ರೂ ಬೇಕಲ್ಲ" ಎಂದು ಒಪ್ಪಿದಳು. ಭಾನುವಾರದವರೆಗೆ ಕಾಯುವುದಿಲ್ಲ, ನಾಳೆ ಬೆಳಿಗ್ಗೆಯೇ ಹೊರಡುತ್ತೇವೆ. ಫೋನ್ ಮಾಡಬೇಡ, ಅವಳು ನನ್ನ ಪಕ್ಕದಲ್ಲೇ ಇರುತ್ತಾಳೆ. ಡಾಕ್ಟರಿಗೆ ಮೊದಲೇ ಹೇಳಿಡು: ಹಾಸಿಗೆಯ ಚೀಟಿಯಲ್ಲಿರುವ ಹೆಸರು ನನ್ನದು, ನೋಡಬೇಕಾದ ಹೃದಯ ಅವಳದು.