ಒಣಗಿದ ಮೇಲಿನ ಬಣ್ಣ

ಮಳವಳ್ಳಿ
೧೪-೧೨-೧೯೪೧

ಚಿ. ಸೌ. ಪಂಕಜಳಿಗೆ ಆಶೀರ್ವಾದಗಳು.

ನೀನು ಹೆರಿಗೆಗೆಂದು ಮದ್ದೂರಿಗೆ ಹೊರಟ ದಿನ ಕೋಣೆಯ ಗೋಡೆಗೆ ಬಳಿಸಿದ ಎರಡು ಬೂದುನೀಲಿ ಪಟ್ಟೆಗಳು ಹಾಗೇ ಇವೆ. ಒಂದರ ಸುಣ್ಣಕ್ಕೆ ನೀಲಿ ಹೆಚ್ಚು, ಇನ್ನೊಂದಕ್ಕೆ ಮಸಿ ಹೆಚ್ಚು. ಯಾವುದು ಬೇಕೆಂದು ನಾನು ಕೇಳಿದ್ದಕ್ಕೆ ನೀನು, "ಹಸಿ ಸುಣ್ಣ ನಂಬಬಾರದು, ಒಣಗಲಿ. ಮಗು ಎತ್ಕೊಂಡು ಬಂದು ಹೇಳ್ತೀನಿ" ಎಂದಿದ್ದೆ.

ಒಣಗಿ ಎರಡೂ ತಿಳಿಯಾಗಿವೆ. ನನಗೆ ವ್ಯತ್ಯಾಸ ಕಾಣುವುದಿಲ್ಲ. ಸುಣ್ಣ ಬಳಿಯುವ ದಸ್ತಗೀರ್, "ಎಲ್ಡೂ ಒಂದೇ ಸ್ವಾಮಿ, ಯಾವ್ದಾದ್ರೂ ಬಳ್ದುಬುಡ್ತೀನಿ" ಎಂದ. ಬೇಡವೆಂದೆ.

ತೊಟ್ಟಿಲನ್ನು ಅಟ್ಟಕ್ಕೆ ಹಾಕಿದ್ದೇನೆ. ತೊಲೆಯ ಕೊಂಡಿ ಕೀಳಲು ಮಾತ್ರ ನನ್ನಿಂದಾಗಲಿಲ್ಲ.

ಮಗು ಉಳಿಯದ ಮೇಲೆ ಬರಿಗೈಲಿ ಹೇಗೆ ಹೋಗಲಿ ಎನ್ನುತ್ತೀಯಂತೆ, ಅತ್ತೆ ಬರೆದಿದ್ದಾರೆ. ಬರಿಗೈಲೇ ಬಾ. ಬಣ್ಣ ನೀನೇ ಹೇಳಬೇಕು.

ನಿನ್ನ
ಕಸ್ತೂರಿರಂಗ