ರಜೆಯ ದಿನ ಸತ್ತರೆ ಕೆಲಸದ ಸಾವಲ್ಲವಂತೆ

ಬಸವನ ಬಾಗೇವಾಡಿ
ಮಾರ್ಚ್ ೧೯೭೪

ಮಾನ್ಯ ಕಾರ್ಖಾನೆ ತನಿಖಾಧಿಕಾರಿಗಳೇ,

ನನ್ನ ಯಜಮಾನರು ಕಳೆದ ವರ್ಷ ಒಂದು ಸೋಮವಾರ ತೀರಿಕೊಂಡರು. ಹೆಸರು ಬಾಯಿಂದ ಹೇಳುವ ರೂಢಿ ನಮ್ಮಲ್ಲಿಲ್ಲ. ನಿಮ್ಮ ಆದೇಶದಲ್ಲಿದೆ, ನೋಡಿಕೊಳ್ಳಿ. ಸೋಮವಾರ ಕಾರ್ಖಾನೆಗೆ ರಜೆ, ಆದ್ದರಿಂದ ಸಾವಿಗೂ ಕೆಲಸಕ್ಕೂ ಸಂಬಂಧವಿಲ್ಲ ಎಂದು ಬರೆದಿದ್ದೀರಿ. ಅತ್ತೆಯವರಿಗೆ ಓದಿ ಹೇಳಿದೆ. "ಬಸವಣ್ಣನ ವಾರ ಹೋಗ್ಯಾನವ್ವಾ, ಪುಣ್ಯವಂತ" ಎಂದರು. ನೀವೂ ಅವರೂ ಒಂದೇ ಮಾತು ಹೇಳಿದಂತಾಯಿತು.

ಮುದ್ದೇಬಿಹಾಳ ರಸ್ತೆಯ ಈ ಸಿಡಿಮದ್ದಿನ ಕಾರ್ಖಾನೆಗೆ ಭಾನುವಾರ ರಜೆಯಿಲ್ಲ. ಸೋಮವಾರ ನಾವು ಎತ್ತಿನ ಹೆಗಲಿಗೂ ನೊಗ ಇಡುವುದಿಲ್ಲ, ಮಾಲೀಕರೂ ಆ ಮರ್ಯಾದೆ ಉಳಿಸಿದ್ದಾರೆ. ಆ ದಿನ ಗಂಡಸರು ತಲೆಗೆ ನೀರು ಹಾಕಿಕೊಂಡು, ಒಗೆದ ರುಮಾಲು ಸುತ್ತಿ ಗುಡಿಗೆ ಹೋಗುತ್ತಾರೆ. ಮದ್ದು ಕಲಸುವವರಿಗೆ ಮಾತ್ರ ಅಷ್ಟರಲ್ಲಿ ಎದೆ ಹಿಂಡತೊಡಗುತ್ತದೆ. ಯಜಮಾನರು ಗುಡಿಯ ಮೆಟ್ಟಿಲ ಮೇಲೆ ಕುಳಿತವರು ಏಳಲಿಲ್ಲ. ಅವರ ಜೋಡಿ ಮದ್ದು ಕಲಸುತ್ತಿದ್ದ ಚಮನಸಾಬ ಹೋದದ್ದೂ ಸೋಮವಾರವೇ. ಬಸವಣ್ಣನಿಗೆ ಜಾತಿಭೇದವಿಲ್ಲ, ಒಪ್ಪಿದೆ. ಆದರೆ ಮದ್ದು ಕಲಸುವವರ ಮೇಲೆಯೇ ಇಷ್ಟು ಪ್ರೀತಿ ಏಕೆ?

ವಿಜಾಪುರದ ಡಾಕ್ಟರರು ಬಿಡಿಸಿ ಹೇಳಿದರು. ಆ ಮದ್ದು ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಇಳಿದು ರಕ್ತನಾಳಗಳನ್ನು ಸಡಿಲಿಸುತ್ತದೆ. ದಿನವೂ ಅದಕ್ಕೆ ಒಗ್ಗಿದ ನಾಳಗಳು, ಅದು ಸಿಗದ ದಿನ ಬಿಗಿದುಕೊಂಡು ಹೃದಯಕ್ಕೆ ರಕ್ತ ಬಿಡುವುದಿಲ್ಲ. ಎದೆನೋವಿನ ಸಾಹೇಬರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆಯೂ ಅದೇ ಮದ್ದಂತೆ. ಹೀಗೆ ಯಜಮಾನರನ್ನು ಕೊಂದದ್ದು ಕೆಲಸವೇ. ರಜೆಯವರೆಗೆ ಕಾಯ್ದು ಕೊಂದಿತು. ವಿಷವೂ ನಿಮ್ಮ ಕಾನೂನು ಓದಿಕೊಂಡಿದ್ದರೆ ಬಡವರು ಏನು ಮಾಡಬೇಕು?

ಅವರ ಜಾಗಕ್ಕೆ ಈಗ ಮೈದುನ ಗುರಪ್ಪ ಹೋಗುತ್ತಾನೆ. ಮೇಸ್ತ್ರಿ ಕಲಿಸಿದ ಉಪಾಯದಂತೆ, ಮದ್ದು ಹತ್ತಿದ ಚಿಂದಿಯೊಂದನ್ನು ಸೋಮವಾರ ರುಮಾಲಿನೊಳಗೆ ಸಿಕ್ಕಿಸಿಕೊಳ್ಳುತ್ತಾನೆ. ಕಸಿದುಕೊಳ್ಳಲು ಹೋದೆ.

"ಮುಟ್ಟಬ್ಯಾಡ್ರಿ ವೈನಿ. ಅದು ಇದ್ರನ ಎದಿ ಹಗುರ ಇರತೈತಿ."

"ಸುಡು ಆ ಕೆಲಸಾನ! ಬಿಟ್ಟಬಿಡೋ."

"ಬಿಟ್ರ ದಿನಾ ಸೋಮವಾರ ಆಗತೈತ್ರಿ."

ಅತ್ತ ದರಿ, ಇತ್ತ ಪುಲಿ ಎಂಬ ಗಾದೆಯನ್ನು ಶಾಲೆಯಲ್ಲಿ ವರ್ಷವೂ ಕಲಿಸುತ್ತೇನೆ. ಅಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನನಗೆ ಭಯವಾಗಿದೆ, ಸಾಹೇಬರೇ. ಅವನಿಗಿನ್ನೂ ಮದುವೆಯಾಗಿಲ್ಲ.

ಗುರಪ್ಪನನ್ನು ಕೆಲಸ ಬಿಡಿಸಿ ಎಂದು ಕೇಳುವುದಿಲ್ಲ. ಜೀವಸಹಿತ ಬಿಡಿಸಿ ಎಂದು ಕೇಳುತ್ತೇನೆ. ಬಿಟ್ಟ ಮೇಲೆ ಮದ್ದಿಲ್ಲದೆ ಇರಲು ನಾಳಗಳು ಪಳಗುವವರೆಗೆ ಅವನನ್ನೂ ಅವನ ಜೊತೆಯವರನ್ನೂ ಆಸ್ಪತ್ರೆಯಲ್ಲಿ ಡಾಕ್ಟರರ ಕಣ್ಣೆದುರು ಇಡಿಸಿ, ಬೇರೆ ಕೆಲಸ ಕೊಡಿಸಿ. ಅಪ್ಪಣೆ ಬೇಗ ಹೊರಡಲಿ. ಏಕೆಂದರೆ ಮೊನ್ನೆ ಸೋಮವಾರ ಅವನು ಎದೆ ಹಿಡಿದುಕೊಂಡು ಕುಳಿತ. ಆ ಚಿಂದಿಯನ್ನು ರುಮಾಲಿನೊಳಗೆ ನಾನೇ ಸಿಕ್ಕಿಸಿ, ಗುಡಿಗೆ ಕಳಿಸಿದೆ.

ಇಂತಿ,
ನಿಮ್ಮ ಇಲಾಖೆಯ ಕೆಲಸವನ್ನು ಮನೆಯಲ್ಲಿ ಮಾಡುತ್ತಿರುವ
ಸಾತವ್ವ, ಕನ್ನಡ ಶಾಲೆಯ ಶಿಕ್ಷಕಿ