ಉತ್ತರ ಬಾಗಿಲ ಕಥೆ

ತಾತಾ,

ನೀವು ಮಲಗಿದ್ದಾಗಲೇ ಸದ್ದಿಲ್ಲದೆ ನಿಮ್ಮ ಚಪ್ಪಲಿಗೆ ಮೆತ್ತಿದ್ದ ಕೋಟೆಯ ಧೂಳು ಒರೆಸಿಟ್ಟಿದ್ದೇನೆ. ಫ್ಲಾಸ್ಕಿನಲ್ಲಿ ಬಿಸಿನೀರಿದೆ. ಸಂಜೆ ಪಾರ್ಕಿಗೆ ಚದುರಂಗ ಆಡಲು ಹೋಗಿ, ಆದರೆ ಮೇಷ್ಟ್ರ ಜೊತೆ ವಾದಕ್ಕಿಳಿಯಬೇಡಿ. ನಿಮ್ಮ ಗಂಟಲು ಪೂರ್ತಿ ಕೂತುಹೋಗಿದೆ.

ಗೈಡ್ ಕೆಲಸದಿಂದ ನಿವೃತ್ತಿಯಾದ ಮೇಲೂ ವಾರವಿಡೀ ಕೋಟೆ ನೋಡಲು ಬಂದವರಿಗೆ ಪುಕ್ಕಟೆ ಕಥೆ ಹೇಳಿದರೆ ಇನ್ನೇನಾಗುತ್ತದೆ! ಮನೆಯಲ್ಲಿ ತುಟಿ ಬಿಚ್ಚದವರು ಅಲ್ಲಿ ಕಲ್ಲನ್ನೂ ಮಾತಾಡಿಸುತ್ತೀರಿ. ಮೊದಲು ಎಲ್ಲರ ಅಂಗೈಯನ್ನು ಉಳಿಯ ಗುರುತಿನ ಮೇಲೆ ಇಡಿಸಿ, “ಹೂಂ, ಈಗ ಕೇಳಿ” ಅನ್ನುತ್ತೀರಲ್ಲ, ನನಗೆ ಮೈ ಜುಮ್ಮೆನ್ನುತ್ತದೆ. ಗುಂಪಿನ ಹಿಂದೆ ನಿಂತು ಕೇಳಿ ಕೇಳಿ ಉತ್ತರ ಬಾಗಿಲ ಕಥೆ ಬಾಯಿಪಾಠವಾಗಿದೆ.

ನಾಲ್ಕು ಜನರ ಮುಂದೆ ಬಾಯಿ ಬಿಡಲಾರದೆ ಶಾಲೆ ಬಿಟ್ಟವಳು ನಾನು. ಆದರೂ ನಾಳೆ ನೀವು ಕೋಟೆಯ ಮೆಟ್ಟಿಲ ಮೇಲೆ ಕೂತಿರಿ. ಆ ಒಂದು ಬಾಗಿಲನ್ನು ನನಗೆ ಬಿಟ್ಟುಕೊಡಿ.